ತಪಾಸಣೆಗೆ ನೀನೇ ಬರಬೇಕು

ತಕಹಾಮಾ
೮ ನವೆಂಬರ್ ೨೦೨೫

ಇಸೋಬೆ,

ಕ್ಷೇಮವೇ ಎಂದು ಕೇಳುವುದಿಲ್ಲ. ನಿನ್ನ ಮಂಡಿ ಹಾಳಾಗಿದೆಯೆಂದು ನಿನ್ನ ಹಳೆಯ ಆಫೀಸಿನವಳು ನಿನ್ನೆ ಬಂದು ಹೇಳಿದಳು. ನಿಶಿವಾಕಿ ಅಂತೆ ಹೆಸರು. ಬಾಗಿಲಲ್ಲಿ ನಿಂತು ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ, "ಯಜಮಾನ್ರೇ, ನಿಮ್ಮ ಕಾರಿನ ಸರ್ಕಾರಿ ತಪಾಸಣೆ ಗಡುವು ಈ ತಿಂಗಳ ಕೊನೆಗೆ ಮುಗಿಯತ್ತೆ. ಇಸೋಬೆ ಅವ್ರು ಇನ್ಮೇಲೆ ಬರಲ್ಲ. ಕೀ ಕೊಡಿ, ನಾನೇ ಮಾಡಿಸ್ಕೊಂಡು ಬರ್ತೀನಿ" ಅಂದಳು. ಕೊಡಲ್ಲ ಅಂದೆ. ಯಾಕೆ ಅಂದಳು. "ಕಾರು ಮಾರಿದೋನು ಬದುಕಿದಾನೆ ತಾನೆ? ಅವನೇ ಬರ್ಲಿ" ಅಂದೆ. ದನಿ ಸ್ವಲ್ಪ ಜೋರಾಯಿತು. ಪಕ್ಕದ ಮನೆಯ ನಾಯಿ ಬೊಗಳಿತು.

ನಿವೃತ್ತನಾದ ಮೇಲೂ ಎರಡು ವರ್ಷಕ್ಕೊಮ್ಮೆ ನೀನೇ ಬಂದು ಕಾರು ಒಯ್ದು, ತಪಾಸಣೆ ಮಾಡಿಸಿ, ತೊಳೆದು ತಂದು ನಿಲ್ಲಿಸುತ್ತಿದ್ದೆ. ಈಗ ಒಂದು ಮಾತೂ ಹೇಳದೆ ಬೇರೆಯವರನ್ನು ಕಳಿಸುತ್ತೀಯ. ಇದ್ಯಾವ ಪದ್ಧತಿ?

ನಾನು ಹೈಸ್ಕೂಲಿನ ಮೆಟ್ಟಿಲು ಹತ್ತದೆ ಹೆಂಚಿನ ಗೂಡಿಗೆ ಸೇರಿದವನು. ನಯವಾಗಿ ಬರೆಯಲು ಬರುವುದಿಲ್ಲ. ೬೭ರ ಬೇಸಿಗೆಯಲ್ಲಿ ನೀನು ಕೋಟು ಹಾಕಿಕೊಂಡು, ಬೆವರು ಸುರಿಸುತ್ತ ಮನೆಮನೆಯ ಬಾಗಿಲು ತಟ್ಟುತ್ತಿದ್ದೆ. "ಹೆಂಚು ಸುಡೋನಿಗೆ ಕಾರ್ ಯಾಕಯ್ಯಾ, ಹೋಗ್ ಹೋಗು" ಎಂದು ಅಟ್ಟಿದೆ. ಮರುದಿನ ಮತ್ತೆ ಹಾಜರು. ನನ್ನನ್ನು ಬಿಟ್ಟು ನನ್ನ ಹೆಂಡತಿ ಹಿಸಾನೊಳ ಹತ್ತಿರ ಕೂತು, ಎದುರುಮನೆಯವರ ಸನ್ನಿ ಕಾರಿಗಿಂತ ನಿನ್ನ ಕೊರೊಲ್ಲಾದ ಇಂಜಿನ್ನು ನೂರು ಸಿಸಿ ದೊಡ್ಡದು ಎಂದು ಕಿವಿಯೂದಿದೆ. ಸಿಸಿ ಅಂದರೇನೆಂದು ಅವಳಿಗೆ ಸಾಯುವವರೆಗೂ ತಿಳಿಯಲಿಲ್ಲ. ಎದುರುಮನೆಯವರಿಗಿಂತ ಜಾಸ್ತಿ ಎನ್ನುವುದು ಮಾತ್ರ ಕೂಡಲೇ ತಿಳಿಯಿತು.

ಆಗ ಅಗ್ಗವೆಂದು ಎರಡು ಬಾಗಿಲಿನದನ್ನು ತಂದೆವು. ಅದನ್ನು ಬದಲಿಸುವಾಗ ನೀನು, "ನಾಲ್ಕು ಬಾಗಿಲಿಂದೇ ತಗೊಳ್ಳಿ ಅಮ್ಮಾವ್ರೇ, ಹಿಂದಿನ ಸೀಟಿಗೆ ಮಕ್ಕಳು ಹತ್ಬೇಡ್ವೇ" ಅಂದೆ. ಅವಳು ನಾಚಿ ಒಳಗೆ ಹೋದಳು. ಮಕ್ಕಳಾಗಲಿಲ್ಲ. ಮೂರನೆಯ ಕಾರಿನ ಹೊತ್ತಿಗೆ ನೀನು ಹಿಂದಿನ ಸೀಟಿನ ಮಾತೇ ಎತ್ತಲಿಲ್ಲ. "ಆ ಮನುಷ್ಯನಿಗೆ ಕರುಳಿದೆ" ಎಂದು ಹಿಸಾನೊ ಆ ಸಂಜೆ ಹೇಳಿದಳು.

ವ್ಯಾಗನ್ ಬೇಡವೆಂದು ಹಟ ಹಿಡಿದವಳೂ ಅವಳೇ. ನಮ್ಮ ಕಾಲದಲ್ಲಿ ಹಿಂಭಾಗ ಉದ್ದವಿರುವ ಕಾರೆಂದರೆ ಅಂಗಡಿಯವರ ಸಾಮಾನು ಗಾಡಿ. "ಅದ್ರಲ್ಲಿ ಹೋದ್ರೆ ತೋಫು ಮಾರೋರು ಬಂದ್ರು ಅಂತಾರೆ" ಅನ್ನುತ್ತಿದ್ದಳು. ಆಮೇಲೆ ದೇಶಕ್ಕೇ ವ್ಯಾಗನ್ ಹುಚ್ಚು ಹಿಡಿದು, ಹುಡುಗರು ಮೇಲೆ ಸ್ಕೀ ಹಲಗೆ ಕಟ್ಟಿಕೊಂಡು ಹಿಮದ ಬೆಟ್ಟಗಳಿಗೆ ಹೋದರು. ಆಗಲೂ ಒಪ್ಪಲಿಲ್ಲ. ಕೊನೆಗೆ ಅವಳಿಗೆ ಲಕ್ವ ಹೊಡೆಯಿತು. ಗಾಲಿಕುರ್ಚಿ ಸೆಡಾನಿನ ಡಿಕ್ಕಿಯಲ್ಲಿ ಹಿಡಿಸಲಿಲ್ಲ. ಯಾರೂ ಹೇಳಿಕಳಿಸದೆ ನೀನು ವ್ಯಾಗನ್ ತಂದು ನಿಲ್ಲಿಸಿ, ಕುರ್ಚಿಯನ್ನು ಒಳಗೆ ಜಾರಿಸಿ ತೋರಿಸಿದೆ. ಅವಳು ತೊದಲುತ್ತ, "ತೋಫು ಬೇಕೇನ್ರೀ" ಅಂದಳು. ಮೂವರೂ ನಕ್ಕೆವು. ಅವಳು ಹಾಗೆ ನಕ್ಕಿದ್ದನ್ನು ನೋಡಿದವರು ನಾವಿಬ್ಬರೇ.

ಈಗ ಆ ವ್ಯಾಗನ್ ತಯಾರಿಸುವುದೇ ನಿಂತಿತಂತೆ. ಎಲ್ಲರಿಗೂ ಎತ್ತರದ ಡಬ್ಬಿಯಂಥ ಕಾರು ಬೇಕು. ಸೆಡಾನ್ ಮುದುಕರಿಗೂ ಟ್ಯಾಕ್ಸಿಯವರಿಗೂ ಉಳಿಯಿತು. "ಓಡಿಸ್ದೆ ಇದ್ರೆ ಮಾರ್ಬಿಡಿ, ಆಫ್ರಿಕಾದಲ್ಲಿ ಇದಕ್ಕೆ ಒಳ್ಳೆ ಗಿರಾಕಿ ಇದೆ" ಎಂದು ನಿಶಿವಾಕಿ ಸಲಹೆ ಕೊಟ್ಟಳು. ದಿನಾ ಬಂದರಿನವರೆಗೆ ಓಡಿಸುತ್ತೇನೆ, ನಿನಗೇನು ಗೊತ್ತು ಅಂದೆ.

ಸೀಗಡಿ ಹಪ್ಪಳ ತಂದಿಟ್ಟಿದ್ದೇನೆ. ನೀನು "ಬೇಡ, ಬೇಡ" ಎನ್ನುತ್ತಲೇ ಪೊಟ್ಟಣ ಖಾಲಿ ಮಾಡುವವನು. ತಿಂಗಳು ಮುಗಿಯುವುದರೊಳಗೆ ಬಾ. ಕೀ ಬೇರೆ ಯಾರ ಕೈಗೂ ಕೊಡುವುದಿಲ್ಲ.

ನಿನ್ನ ಗಿರಾಕಿ,
ಕಾಮಿಯಾ ಶೋಜಿ

ಮರೆತಿದ್ದೆ: ಬರುವಾಗ ಹೊಸ ಬ್ಯಾಟರಿ ತಾ. ಇರುವುದು ಸತ್ತಿದೆ. ಕಳೆದ ಸಲ ನೀನು ತಂದು ನಿಲ್ಲಿಸಿದ ಮೇಲೆ ಕಾರು ಕದಲಿಲ್ಲ. ಹಿಸಾನೊ ಹೋದ ಮರುವರ್ಷವೇ, ವಯಸ್ಸಾಯಿತೆಂದು ಲೈಸೆನ್ಸನ್ನು ಪೊಲೀಸರಿಗೆ ಒಪ್ಪಿಸಿ ಬಂದೆ. ಕಾರನ್ನು ಮಾತ್ರ ಬಿಡಲಿಲ್ಲ. ಕಾರಿಲ್ಲದ ಮನೆಗೆ ಕಾರು ಮಾರುವವನು ಬರುವುದಿಲ್ಲವಲ್ಲ. ಮೀಟರು ನೋಡಿ ನಿನಗೆ ಆಗಲೇ ತಿಳಿದಿರಬೇಕು, ಆದರೂ ನೀನು ಪೆಟ್ರೋಲು ತುಂಬಿಸಿಕೊಂಡು ಬಂದೆ, ಏನೂ ಕೇಳಲಿಲ್ಲ. ಮಂಡಿ ಬಿಡದಿದ್ದರೆ ಬರಬೇಡ. ನಾನೇ ಬಸ್ಸು ಹತ್ತಿ ಬರುತ್ತೇನೆ. ಆದರೆ ಇಷ್ಟು ವರ್ಷ ನೀನೇ ಬರುತ್ತಿದ್ದೆ, ನಿನ್ನ ಮನೆ ಎಲ್ಲಿದೆಯೆಂದು ನಾನು ಕೇಳಲೇ ಇಲ್ಲ. ನಿಶಿವಾಕಿ ನಾಳೆ ಮತ್ತೆ ಬರುತ್ತಾಳಂತೆ, ಇದನ್ನು ಅವಳ ಕೈಯಲ್ಲಿ ಕಳಿಸುತ್ತೇನೆ. ವಿಳಾಸ ಬರೆ.