ಹತ್ತರಲ್ಲಿ ನಾಲ್ಕು ಪದ

ಹೋಟೆಲು, ಕೋಣೆ ೪೧೨
ಶುಕ್ರವಾರ, ೧೪ನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಮೊಣಕಾಲು ಹೇಗಿದೆ? ಡಾಕ್ಟರು ಹೇಳಿದ ಹಾಗೆ ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಸಿಕೊಂಡೆಯೋ, ಇಲ್ಲ ಇನ್ನೂ ಕಾಲಲ್ಲೇ ತುಳಿಯುತ್ತಿದ್ದೀಯೋ? ತುಳಿಯುತ್ತಲೇ ಇರುತ್ತೀಯ, ನಿನ್ನ ಹಟ ನನಗೆ ಗೊತ್ತಿಲ್ಲವೇ. ಫೋನು ಬಿಟ್ಟು ಕಾಗದ ಯಾಕೆ ಎಂದು ಹುಬ್ಬು ಗಂಟಿಕ್ಕಬೇಡ. ಫೋನಿನ ಬೆಳಕು ಎರಡು ದಿನದಿಂದ ಕಣ್ಣಿಗೆ ಚುಚ್ಚುತ್ತಿದೆ, ಅಷ್ಟೇ. ಪರದೆ ಎಳೆದುಕೊಂಡು ಕೂತಿದ್ದೇನೆ. ನಮ್ಮ ಎಡಗೈ ಬೌಲರ್ ಬೆರಳು ಮುರಿದುಕೊಂಡು ಇವತ್ತು ಸಂಜೆ ಊರಿಗೆ ಹೊರಟಿದ್ದಾಳೆ, ಅವಳ ಕೈಯಲ್ಲೇ ಇದನ್ನು ಕಳಿಸುತ್ತೇನೆ. ನಿನಗೆ ಸಿಗುವಷ್ಟರಲ್ಲಿ ನಾಳಿನ ಪಂದ್ಯ ಮುಗಿದಿರುತ್ತದೆ.

ಸರಣಿ ಒಂದು-ಒಂದರಲ್ಲಿ ಸಮವಾಗಿ ನಿಂತಿದೆ, ನಾಳೆಯದೇ ಕಡೆಯದು. ಈ ನೆಲದಲ್ಲಿ ನಮ್ಮವರು ಇದುವರೆಗೆ ಒಂದು ಸರಣಿಯನ್ನೂ ಗೆದ್ದಿಲ್ಲ. ಹನ್ನೊಂದು ವರ್ಷ ಬೇರೆಯವರಿಗೆ ನೀರು ಹೊತ್ತು, ಗ್ಲೌಸು ಹೊತ್ತು ಸಿಕ್ಕ ಜಾಗ ಇದು ಎಂದು ನಿನಗೆ ಬೇರೆ ಹೇಳಬೇಕೇ? ನನಗೀಗ ಮೂವತ್ತೆರಡು. ಬದಲಿ ಕೀಪರ್ ಹುಡುಗಿಗೆ ಹತ್ತೊಂಬತ್ತು. ಒಮ್ಮೆ ಅವಳು ಸ್ಟಂಪಿನ ಹಿಂದೆ ಕೂತಳೆಂದರೆ ಮತ್ತೆ ಎಬ್ಬಿಸುವವರಿಲ್ಲ. ದಿನಾ ಬೆಳಿಗ್ಗೆ ನನಗೂ ಸೇರಿಸಿ ಚಹಾ ತರುತ್ತಾಳೆ. ಒಳ್ಳೆಯ ಹುಡುಗಿ, ಬೈದುಕೊಳ್ಳಲೂ ಮನಸ್ಸು ಬರುವುದಿಲ್ಲ.

ಟಿವಿಯಲ್ಲಿ ನೋಡಿಯೇ ಇರುತ್ತೀಯ, ಅದಕ್ಕೇ ನಾನೇ ಹೇಳಿಬಿಡುತ್ತೇನೆ. ಮೊನ್ನೆ ಸ್ಪಿನ್ನರ್ ಹಾಕುತ್ತಿದ್ದಾಗ ಸ್ಟಂಪಿಗೆ ಅಂಟಿಕೊಂಡೇ ಕೂತಿದ್ದೆ. ಅವರ ಬ್ಯಾಟರ್ ಸ್ವೀಪ್ ಮಾಡಲು ಹೋಗಿ ಬ್ಯಾಟನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದಳು, ಅದು ನನ್ನ ಹೆಲ್ಮೆಟ್ಟಿನ ಕಿವಿಯ ಮೇಲೆ ಬಿತ್ತು. ತಕ್ಷಣ ಎದ್ದು ನಿಂತೆ. ಮೂರು ಓವರ್ ಆದ ಮೇಲೆ ಒಂದು ಸ್ಟಂಪಿಂಗ್ ಕೂಡ ಮಾಡಿದೆನಂತೆ. ಆಮೇಲೆ ಹುಡುಗಿಯರು ತೋರಿಸಿದರು, ಚೆನ್ನಾಗಿಯೇ ಮಾಡಿದ್ದೆ. ಗ್ಲೌಸಿನೊಳಗೆ ನೀನು ಹೊಲಿದುಕೊಟ್ಟ ಒಳಗವಸು ಹಾಕಿದ್ದೆ.

ತಲೆಗೆ ಪೆಟ್ಟು ಬಿದ್ದರೆ ಇಲ್ಲಿ ಒಂದು ಪರೀಕ್ಷೆ ಇದೆ. ಪ್ರವಾಸ ಹೊರಡುವ ಮೊದಲು, ಎಲ್ಲರೂ ಗಟ್ಟಿಮುಟ್ಟಾಗಿರುವಾಗಲೇ, ಫಿಸಿಯೋ ಮೇಡಂ ಒಬ್ಬೊಬ್ಬರನ್ನೇ ಕೂರಿಸಿ ಹತ್ತು ಪದ ಓದುತ್ತಾರೆ, ನಾವು ತಿರುಗಿ ಹೇಳಬೇಕು. ಪೆಟ್ಟು ಬಿದ್ದ ಮೇಲೆ ಮತ್ತೆ ಹತ್ತು. ಮೊದಲಿಗಿಂತ ಕಡಿಮೆ ಬಂದರೆ ಆಟ ಬಂದ್. ನಾವು ಹಳೇ ಕಳ್ಳರು, ಮೊದಲನೇ ದಿನವೇ ದಡ್ಡರಾಗಿಬಿಡುತ್ತೇವೆ. ಹತ್ತೂ ನೆನಪಿದ್ದರೂ ಆ ದಿನ ನಾಲ್ಕೇ ಹೇಳಿದ್ದೆ. ನಿನ್ನ ತಲೆಯಲ್ಲಿ ಏನಿದೆ ಎಂದು ಕ್ಯಾಪ್ಟನ್ ನಕ್ಕಿದ್ದಳು. ಮೊನ್ನೆ ಸಂಜೆಯೂ ನಾಲ್ಕು ಹೇಳಿದೆ. ಮೇಡಂ ಎರಡೂ ಹಾಳೆ ಪಕ್ಕಪಕ್ಕ ಇಟ್ಟು ನೋಡಿ, ಏನೂ ವ್ಯತ್ಯಾಸ ಇಲ್ಲ, ಆಡಬಹುದು ಎಂದರು. ಅವರ ಮುಖದಲ್ಲಿ ಎಷ್ಟು ನೆಮ್ಮದಿ ಇತ್ತೆಂದರೆ, ನನಗೇ ಒಂಥರಾ ಆಯಿತು.

ಚಿಕ್ಕಂದಿನಲ್ಲಿ ಗೋಡೆಗೆ ಚೆಂಡು ಎಸೆದು ಹಿಡಿಸುತ್ತಿದ್ದಾಗ ನೀನು ಹೇಳುತ್ತಿದ್ದೆಯಲ್ಲ, “ಪೆಟ್ಟು ಬಿದ್ರೆ ಮುಚ್ಚಿಡ್ಬೇಡ ಕಣೆ, ನಂಗೆ ಹೇಳು.” ಈಗ ಹೇಳಿದ್ದೇನೆ, ಆಯಿತಲ್ಲ. ನಾಳೆ ಒಂದು ದಿನ ಕಳೆದರೆ ಸಾಕು, ಆಮೇಲೆ ಬೇಕಾದಷ್ಟು ಮಲಗುತ್ತೇನೆ. ಅಂದಹಾಗೆ ಮೊಣಕಾಲು ಹೇಗಿದೆ ಎಂದು ಕೇಳಲೇ ಇಲ್ಲ. ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಸಿಕೊಂಡೆಯಾ?

ಭಾವನಿಗೆ ನಮಸ್ಕಾರ ಹೇಳು. ಮಕ್ಕಳಿಗೆ ಮುತ್ತು. ನಿನ್ನ ಕೈ ನನ್ನ ತಲೆಯ ಮೇಲಿರಲಿ, ಎಡಗಡೆ ಮಾತ್ರ ಸ್ವಲ್ಪ ಮೆತ್ತಗೆ ಇಡು.

ನಿನ್ನ
ಕೋತಿ

ತಾ.ಕ.: ಅಂಟಿಸಿದ ಲಕೋಟೆ ಒಡೆದು ಬರೆಯುತ್ತಿದ್ದೇನೆ. ಕೊಡಲು ಹೋದಾಗ ಎಡಗೈ ಬೌಲರ್ ನನ್ನ ಮುಖವನ್ನೇ ನೋಡಿದಳು. “ಬೆಳಿಗ್ಗೇನೇ ಒಂದು ಕೊಟ್ಯಲ್ಲ, ಇದ್ಯಾರಿಗೆ?” ಎಂದಳು. ಅವಳ ಚೀಲದಿಂದ ತೆಗೆಸಿ ಓದಿದೆ. ನನ್ನದೇ ಅಕ್ಷರ. ಅದೇ ಮೊಣಕಾಲು, ಅದೇ ಮೋಟಾರು, ಅದೇ ಹತ್ತು ಪದ. ಬರೆದ ನೆನಪೇ ಇಲ್ಲ. ಅಕ್ಕಾ, ಭಯವಾಗುತ್ತಿದೆ. ಮೊನ್ನೆ ನಾನು ಬೇಕೆಂದು ನಾಲ್ಕು ಹೇಳಿದ್ದಲ್ಲ. ಈ ಸಲ ಹತ್ತೂ ಹೇಳಿ ಎಲ್ಲರ ಬಾಯಿ ಮುಚ್ಚಿಸೋಣ ಎಂದೇ ಕೂತಿದ್ದೆ, ನಾಲ್ಕೇ ಬಂದವು. ಈ ಮಾತು ಬೆಳಗಿನ ಕಾಗದದಲ್ಲೂ ಇಲ್ಲ. ಎಡಗೈ ಬಾಗಿಲಲ್ಲಿ ನಿಂತಿದ್ದಾಳೆ. ಈಗಲೇ ಮೇಡಂ ಹತ್ತಿರ ನಾನೇ ಹೋಗಿ ಹೇಳಬೇಕಂತೆ, ಇಲ್ಲವಾದರೆ ತಾನೇ ಹೇಳುತ್ತಾಳಂತೆ. ಆಗಲಿ, ಹೋಗುತ್ತೇನೆ, ಮೇಡಂ ಕೋಣೆ ಯಾವ ಕಡೆ ಎಂದು ಕೇಳಿದೆ. ಅವಳು ಅಳಲು ಶುರು ಮಾಡಿದಳು. ಹದಿನೆಂಟು ದಿನದಿಂದ ಅವರ ಕೋಣೆ ನನ್ನ ಎದುರಿಗೇ ಇದೆಯಂತೆ.