ಜೀಪಿನ ಹಿಂದೆ ಓಡಿಬಂದ ನೀಲಕ್ಕನ ಬಗ್ಗೆ ಅಭಯಾರಣ್ಯದ ಸಾಹೇಬರಿಗೆ

ತಂಬೂರ, ಕಲಘಟಗಿ ತಾಲೂಕು
ಜ್ಯೇಷ್ಠ ಮಾಸ, ೧೯೭೯

ಮಾನ್ಯ ಅರಣ್ಯಾಧಿಕಾರಿಗಳೇ,

ಮತ್ತೀಕೊಪ್ಪದವರಿಗೆ ತಮ್ಮ ಇಲಾಖೆ ಕೊಟ್ಟ ಮಾತುಗಳು ಇವು. ಊರು ಬಿಟ್ಟವರಿಗೆ ತಂಬೂರಿನ ಹತ್ತಿರ ನೀರಿರುವ ಜಮೀನು. ಮನೆಗಳಿಗೆ ಹೆಂಚು. ನಾವು ಹೂತವರ ಮಣ್ಣಿಗೆ ಬೇಲಿ. ವರ್ಷಕ್ಕೊಮ್ಮೆ ನಾಗರ ಪಂಚಮಿಗೆ ಹಳೆಯ ಕಾಲುದಾರಿಯಿಂದ ಹೋಗಿ ಅವರಿಗೆ ಎಡೆಯಿಟ್ಟು ಬರುವ ಅವಕಾಶ.

ಸಿಕ್ಕಿದ್ದು ಇವು. ಕಲ್ಲುನೆಲ. ಅರ್ಧ ಒಡೆದ ಹೆಂಚು. ಬೇಲಿಯೂ ಬಂತು, ಸುಳ್ಳು ಹೇಳುವುದಿಲ್ಲ. ಅದನ್ನು ಹೂತವರ ಸುತ್ತ ಹಾಕಲಿಲ್ಲ, ಕಾಲುದಾರಿಗೆ ಅಡ್ಡ ಹಾಕಿದಿರಿ.

ನೆಲ ಮತ್ತು ಹೆಂಚಿನ ಜಗಳ ಬೇರೆ ದಿನಕ್ಕಿರಲಿ. ಈ ಪತ್ರ ಕಾಲುದಾರಿಯದು. ಇದನ್ನು ತಮ್ಮ ಕಚೇರಿಗೆ ಕಳಿಸದೆ ಪತ್ರಿಕೆಗೆ ಕೊಡುತ್ತಿದ್ದೇನೆ. ತಮ್ಮ ಕಚೇರಿಗೆ ಹೋದ ನಮ್ಮ ಅರ್ಜಿಗಳೂ ಕಾಡಿಗೆ ಹೋದ ಹಾಗೆಯೇ. ಒಳಗೆ ಹೋದದ್ದು ಗೊತ್ತು, ಹೊರಗೆ ಬಂದದ್ದನ್ನು ಕಂಡವರಿಲ್ಲ.

ನಮ್ಮ ಹೊಸ ವಸಾಹತಿನ ಅಂಗಳದಲ್ಲಿ ನಿಂತರೆ ಪಡುವಣಕ್ಕೆ ಒಂದು ಗುಡ್ಡ ಕಾಣುತ್ತದೆ. ಆ ಗುಡ್ಡದ ಆಚೆ ಮಗ್ಗುಲಿಗೆ ಮತ್ತೀಕೊಪ್ಪ ಇತ್ತು. ಬೆಳಿಗ್ಗೆ ರೊಟ್ಟಿ ತಿಂದು ಹೊರಟರೆ ಬಿಸಿಲು ನೆತ್ತಿಗೆ ಬರುವ ಮೊದಲು ಮುಟ್ಟಬಹುದು. ಆದರೆ ಯಾರೂ ಬಾಯಿ ಬಿಡಲಾಗದ ತುರ್ತು ಪರಿಸ್ಥಿತಿಯ ಆ ಎರಡು ವರ್ಷಗಳಲ್ಲಿ ತಮ್ಮ ಜೀಪು ಬಂತು, ಅದರ ಹಾರ್ನ್ ಒದರಿತು, ನಾವು ಗಂಟುಮೂಟೆ ಕಟ್ಟಿದೆವು. ಈಗ ಊರು ಅಭಯಾರಣ್ಯವಾಗಿದೆ. ಒಳಗೆ ಹೋಗಬೇಕಾದವರು ಆಚೆ ದಿಕ್ಕಿನ ಮುಖ್ಯ ದ್ವಾರದಿಂದಲೇ ಹೋಗಬೇಕು, ನಾಲ್ಕು ಗಾಲಿಯ ಸ್ವಂತ ವಾಹನದಲ್ಲಿ ಹೋಗಬೇಕು, ಸ್ವತಃ ನಡೆಸಬೇಕು. ಬಾಡಿಗೆ ಗಾಡಿ ಕೂಡದು, ಚಕ್ಕಡಿ ಕೂಡದು, ನಡೆದುಕೊಂಡಂತೂ ಕೂಡಲೇ ಕೂಡದು. ಅಂದರೆ ಕಲಘಟಗಿ, ಧಾರವಾಡ, ಹಳಿಯಾಳ ಸುತ್ತಿ, ಮಧ್ಯೆ ಎಲ್ಲಾದರೂ ರಾತ್ರಿ ಕಳೆದು, ಮರುದಿನ ಕಾಡಿನ ದಾರಿ ಹಿಡಿಯಬೇಕು. ಸ್ವಂತ ಹಿತ್ತಲಿಗೆ ಹೋಗಲು ಜಿಲ್ಲೆ ದಾಟಿಹೋಗುವ ಜನ ನಮ್ಮನ್ನು ಬಿಟ್ಟರೆ ಬೇರೆ ಯಾರಿದ್ದಾರೆ, ತಾವೇ ಹೇಳಿ.

ನಮ್ಮಲ್ಲಿ ರೇವವ್ವ ಎಂಬಾಕೆ ಇದ್ದಾಳೆ. ಊರು ಬಿಡುವ ಹಿಂದಿನ ಮಳೆಗಾಲದಲ್ಲಿ ಆಕೆಯ ಒಬ್ಬಳೇ ಮಗಳು ನೀಲಕ್ಕ ಜ್ವರದಿಂದ ತೀರಿಕೊಂಡಳು. ಒಂಬತ್ತು ವರ್ಷದ ಕೂಸು. ಊರ ಹಿಂದಿನ ದೊಡ್ಡ ಮತ್ತಿಮರದ ಬುಡಕ್ಕೆ ಹೂತು, ತಲೆಯ ಕಡೆಗೆ ಒಂದು ಕಲ್ಲು ನೆಟ್ಟೆವು. ಕಲ್ಲು ಹೊತ್ತವರಲ್ಲಿ ನಾನೂ ಒಬ್ಬ. ಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ ಎಂದು ತಮಗೂ ಗೊತ್ತಿರಬಹುದು. ತಮ್ಮ ಮನೆಗೂ ಯಾರೋ ಬರುತ್ತಿರಬಹುದು. ರೇವವ್ವನ ಲೆಕ್ಕ ಸರಳವಾದದ್ದು. "ಎಲ್ಲಾರ ಮಕ್ಕಳು ಬರ್ತಾರ, ನನ್ನ ಮಗಳು ಬರಾಂಗಿಲ್ಲ. ಬರಲಾರದಾಕಿ ಕಡೆ ಅವ್ವನ ಹೋಗಬೇಕಲ್ರಿ?" ಎಂದಳು. ಎಳ್ಳಿನ ಉಂಡಿ, ಹಸಿರು ಬಳೆ, ಒಂದು ಹಿಡಿ ಜೋಳದ ಅಳ್ಳು. ಆಕೆ ಒಯ್ಯಬೇಕೆಂದದ್ದು ಇಷ್ಟೇ.

ಪರವಾನಿಗೆ ಕೇಳಲು ಆಕೆಯನ್ನು ತಮ್ಮ ಕಚೇರಿಗೆ ಕರೆದೊಯ್ದವನು ನಾನು. ತಮ್ಮ ಗುಮಾಸ್ತರು ಕೆಟ್ಟವರಲ್ಲ. ಕೂಡಲು ಬೆಂಚು ತೋರಿಸಿದರು.

"ಮಳಿಗಾಲದಾಗ ಗೇಟ ಬಂದ್ ಇರತೈತ್ರಿ. ದೀಪಾವಳಿ ಆದಮ್ಯಾಲೆ ಬರ್ರಿ."

"ಪಂಚಮಿ ಶ್ರಾವಣದಾಗ ಬರತೈತಲ್ರಿ ಸಾಹೇಬ್ರ?"

"ಅದಕ್ಕ ನಾ ಏನ ಮಾಡ್ಲಿ ಯವ್ವಾ? ಶ್ರಾವಣ ನಮ್ಮ ಇಲಾಖೆ ಕೈಯಾಗಿಲ್ಲ." ನಕ್ಕು, ಲೇಖನಿ ತೆಗೆದರು. "ಯಾವ ಪ್ರಾಣಿ ನೋಡಾಕ ಹೊಂಟೀರಿ? ಬರ್ಕೋಬೇಕು."

ರೇವವ್ವ ಅವರ ಮುಖ ನೋಡಿ ಹೇಳಿದಳು: "ನನ್ನ ಮಗಳನ್ನ."

ಅವರು "ಜಿಂಕೆ ಇತ್ಯಾದಿ" ಎಂದು ಬರೆದುಕೊಂಡರು.

ಇನ್ನು ವಾಹನ. ದುಮ್ಮವಾಡದ ಶಂಭುಲಿಂಗಪ್ಪನವರ ಹತ್ತಿರ ಹರಾಜಿನಲ್ಲಿ ಹಿಡಿದ ಹಳೆಯ ಜೀಪು ಒಂದಿತ್ತು. ನಮ್ಮ ಕಥೆ ಕೇಳಿ, ನಾನೇ ನಡೆಸಿಕೊಂಡು ಬರುತ್ತೇನೆ ಎಂದರು. ಅಲ್ಲಿಯ ಗಾಡಿ ರಿಪೇರಿಯ ಮೇಸ್ತ್ರಿ ಯಾಕೂಬಸಾಬರ ತಗಡಿನ ಶೆಡ್ಡಿನ ಮುಂದೆ ಕೂತು ನಾವು ಪ್ರವಾಸದ ಯೋಜನೆ ಹಾಕಿದೆವು. ಹೌದು, ಪ್ರವಾಸ. ಪೇಟೆಯ ಮಂದಿ ಹುಲಿ ನೋಡಲು ಯೋಜನೆ ಹಾಕುವುದಿಲ್ಲವೇ, ಹಾಗೆಯೇ. ಸ್ಟೆಪ್ನಿ ಎಲ್ಲಿಂದ ತರುವುದು, ಪೆಟ್ರೋಲಿನ ಡಬ್ಬಿ ಎಷ್ಟು ಕಟ್ಟುವುದು, ಹಳಿಯಾಳದಲ್ಲಿ ಯಾವ ಮಠದ ಪಡಸಾಲೆಯಲ್ಲಿ ಮಲಗುವುದು, ನೀರಿಗೆ ಎಲ್ಲೆಲ್ಲಿ ನಿಲ್ಲುವುದು. ಬೀಡಿಕಟ್ಟಿನ ಕಾಗದದ ಮೇಲೆ ಶಂಭುಲಿಂಗಪ್ಪನವರು ದಾರಿಯ ಗೆರೆ ಎಳೆದರು. ಅದು ಹಳ್ಳಿ ಹಳ್ಳಿ ಸುತ್ತಿ ಕಾಗದದ ಅಂಚಿಗೆ ಹೋಗಿ, ಮತ್ತೆ ಹೊರಟ ಜಾಗದ ಪಕ್ಕಕ್ಕೇ ಬಂದು ನಿಂತಿತು.

"ಶಂಭಣ್ಣ, ಬ್ರೇಕ ಐತಿ ಅಂತ ನಂಬಿ ಹೋಗ್ರಿ, ನೋಡಾಕ ಹೋಗಬ್ಯಾಡ್ರಿ" ಎಂದರು ಯಾಕೂಬಸಾಬರು, ಜೀಪಿನ ಹೊಟ್ಟೆಯ ಕೆಳಗಿನಿಂದ. "ಸರ್ಕಾರದ ಮನಿಯಾಗ ಬೆಳದದ್ದು ಇದು. ಕುಡಿಯೂದು ಕಲತೈತಿ, ಕೆಲಸ ಕಲತಿಲ್ಲ."

"ಲೇ ಯಾಕೂಬ, ಸುಮ್ನ ತಿರುಪು ಬಿಗಿ. ಏರಿನಾಗ ನಿಂತ್ರ ನಿನ್ನನ್ನ ಹೂಡ್ತೀನಿ."

"ಹೂಡ್ರಿ ಹೂಡ್ರಿ. ಆವಾಗರ ಜಲ್ದಿ ಮುಟ್ಟತೀರಿ."

ಎಲ್ಲರೂ ನಕ್ಕರು. ರೇವವ್ವನೂ ನಕ್ಕಳು. ಯಾಕೂಬಸಾಬರು ಎದ್ದು, ಹಾರ್ನ್ ಸರಿಯಾಯಿತೇ ಎಂದು ಒಮ್ಮೆ ಒತ್ತಿದರು. ಆಕೆಯ ನಗು ಅಲ್ಲಿಗೇ ನಿಂತಿತು. ಎದ್ದು ಬಂದು, ಜೀಪಿನ ಬಾಗಿಲ ಬಣ್ಣವನ್ನು ಉಗುರಿನಿಂದ ಕೆರೆದಳು. ನೀಲಿಯ ಕೆಳಗೆ ತಮ್ಮ ಇಲಾಖೆಯ ಹಸಿರು ಬಣ್ಣ ಬಂತು. "ಈ ದನಿ ನನಗ ಗೊತ್ತೈತ್ರಿ," ಎಂದಳು. "ನಮ್ಮನ್ನ ಎಬ್ಬಿಸಾಕ ಬಂದಿದ್ದು ಇದ ಜೀಪ." ಬೇಡವೆಂದರೆ ಬಿಡೋಣ ಎಂದರು ಶಂಭುಲಿಂಗಪ್ಪನವರು. ಆಕೆ ಉಗುರಿಗೆ ಹತ್ತಿದ ಬಣ್ಣವನ್ನು ಸೆರಗಿಗೆ ಒರೆಸಿಕೊಂಡು ಹೇಳಿದಳು: "ಇರ್ಲಿ ಬಿಡ್ರಿ. ದಾರಿ ಇದಕ್ಕ ಗೊತ್ತಿರತೈತಿ. ಹೋಗೂಣು."

ಹೀಗೆ ಕಾರ್ತಿಕದಲ್ಲಿ ಪಂಚಮಿ ಮಾಡಿದೆವು. ಎಳ್ಳು ಹುರಿದ ವಾಸನೆಗೆ ವಸಾಹತಿನ ಮಕ್ಕಳು ಯಾವ ಹಬ್ಬ ಎಂದು ಕೇಳುತ್ತ ಬಂದವು. ಜೀಪು ಎರಡು ಕಡೆ ನಿಂತಿತು, ಒಂದು ಕಡೆ ನಾವೇ ನೂಕಿದೆವು. ಮರುದಿನ ದ್ವಾರದಲ್ಲಿ ಒಬ್ಬ ಕಾವಲುಗಾರ ಹತ್ತಿ ನಮ್ಮ ಜೊತೆ ಕೂತ. ನೋಡತಕ್ಕದ್ದನ್ನು ತೋರಿಸುವುದು ಅವನ ಕೆಲಸ. ಕಾಡು ನಮ್ಮದೇ, ಆದರೆ ಎದುರು ಬಾಗಿಲಿನಿಂದ ಹೊಕ್ಕಾಗ ಗುರುತು ಹತ್ತಲಿಲ್ಲ. ಗುರುತು ಹತ್ತಿದ್ದು ಒಂದು ಬಾವಿಯ ಕಟ್ಟೆ ಕಂಡಾಗ. ಅದರ ಪಕ್ಕದಲ್ಲಿ ತಮ್ಮ ಫಲಕ: ವೀಕ್ಷಣಾ ಸ್ಥಳ.

"ಎಡಕ್ಕ ನೋಡ್ರಿ, ಇಲ್ಲೆ ಜಿಂಕಿ ಭಾಳ ಬರತಾವು," ಎಂದ ಕಾವಲುಗಾರ. "ಹಿಂದಕ ಯಾವದೋ ಹಳ್ಳಿ ಇತ್ತಂತ್ರಿ. ಹುಲ್ಲು ಚಲೋ ಬೆಳೀತೈತಿ."

ರೇವವ್ವ ಬಾಗಿಲಿಗೆ ಕೈ ಹಾಕಿದಳು. ಮತ್ತಿಮರ ಅಲ್ಲೇ ಇತ್ತು, ಕೂಗಿದರೆ ಕೇಳುವಷ್ಟು ಹತ್ತಿರ.

"ಇಳಿಯೂ ಹಂಗಿಲ್ಲ ಯವ್ವಾ! ಪ್ರಾಣಿ ಮೈಮ್ಯಾಲೆ ಬರತಾವು."

"ನನ್ನ ಮಗಳು ಇಲ್ಲೆ ಕುಂಟಲಪಿ ಆಡ್ಕೊಂಡು ಬೆಳದಾಳೋ ಯಪ್ಪಾ. ಆವಾಗ ಯಾವೂ ಬರಲಿಲ್ಲ."

"ಕಾಲು ಬೀಳ್ತೀನ್ರಿ, ನನ್ನ ನೌಕರಿ ಹೋಗತೈತಿ."

ಅವನ ಕಣ್ಣಲ್ಲೂ ನೀರಿತ್ತು, ಸಾಹೇಬರೇ. ನಾನು ಅವನ ಮೇಲೆ ದೂರು ಕೊಡುತ್ತಿಲ್ಲ. ರೇವವ್ವ ಮಡಿಲಿನ ಗಂಟನ್ನು ತೆಗೆದು, ಹಣೆಗೆ ಒತ್ತಿಕೊಂಡು, ಮರದ ಕಡೆಗೆ ಎಸೆದಳು. ಅರ್ಧಕ್ಕೇ ಬಿತ್ತು. ಒಂದು ಮುಸುವ ಮಂಗ ಇಳಿದು ಬಂದು ಗಂಟು ಬಿಚ್ಚಿತು, ಬಳೆಗಳನ್ನು ಮೂಸಿ ಆಚೆಗೆ ಚೆಲ್ಲಿತು, ಉಂಡಿ ತಿಂದಿತು. ದ್ವಾರದಲ್ಲಿ ನಮಗೆ ದಂಡ ಹಾಕಿದರು. ಕಾರಣ: ವನ್ಯಪ್ರಾಣಿಗಳಿಗೆ ಆಹಾರ ಹಾಕಿದ್ದು.

ಆ ಮರದ ಹತ್ತಿರದಿಂದ ಜೀಪು ತಿರುಗಿ ಹೊರಟಾಗ ರೇವವ್ವ ಹಿಂದಕ್ಕೆ ನೋಡುತ್ತ ಕೂತಿದ್ದಳು. ಸ್ವಲ್ಪ ದೂರ ಬಂದ ಮೇಲೆ ಶಂಭುಲಿಂಗಪ್ಪನವರ ಹೆಗಲು ಮುಟ್ಟಿ, ಸಾದಾ ದನಿಯಲ್ಲಿ ಹೇಳಿದಳು:

"ಸಾವಕಾಶ ಹೊಡಿ ಶಂಭಣ್ಣ. ಆಕಿ ಓಡಿ ಬರಾಕ್ಹತ್ಯಾಳ."

ಶಂಭುಲಿಂಗಪ್ಪನವರು ಕನ್ನಡಿ ನೋಡಿದರು. ಏನು ಕಂಡರೋ ನಾನು ಕೇಳಿಲ್ಲ, ಅವರು ಹೇಳಿಲ್ಲ. ಹಳಿಯಾಳದ ತನಕ ಆ ಮನುಷ್ಯ ಎತ್ತಿನಗಾಡಿಯ ವೇಗದಲ್ಲಿ ಜೀಪು ನಡೆಸಿದರು. ನಾನು, ಊರೂರು ತಿರುಗಿ ದೆವ್ವ ಭೂತಗಳ ವಿರುದ್ಧ ಭಾಷಣ ಮಾಡಿದವನು, ಸರಿದು ಕೂತು ಜಾಗ ಬಿಟ್ಟೆ. ಧಾರವಾಡ ಬಂತು, ಕಲಘಟಗಿ ಬಂತು. ಮನೆ ಮುಂದೆ ಇಳಿದ ರೇವವ್ವ ಬಾಗಿಲು ತೆರೆದು ಹಿಡಿದು ನಿಂತೇ ಇದ್ದಳು. ಆಮೇಲೆ ಹೇಳಿದಳು: "ಇಲ್ಲ. ಎಲ್ಲೋ ತಪ್ಪಿಸ್ಕೊಂಡ್ಲು. ಆಕಿಗೆ ಗುಡ್ಡದ ದಾರಿ ಒಂದ ಗೊತ್ತು. ಇಷ್ಟು ಸುತ್ತಿದ್ರ ಕೂಸಿಗೆ ಹೆಂಗ ತಿಳೀತೈತ್ರಿ?"

ಅಂದಿನಿಂದ ಆಕೆಯ ಬಾಗಿಲಿಗೆ ಚಿಲಕವಿಲ್ಲ. ಹೆದ್ದಾರಿಯ ಲಾರಿಯವರನ್ನು ನಿಲ್ಲಿಸಿ, ಹಳಿಯಾಳದ ಕಡೆ ಒಂದು ಹುಡುಗಿ ಕಂಡಿತೇ ಎಂದು ಕೇಳುತ್ತಾಳೆ. ಮೊದಲು ಮಗಳು ಮಣ್ಣಲ್ಲಿ ಮಲಗಿದ್ದಳು, ಅಷ್ಟಾದರೂ ಸಮಾಧಾನವಿತ್ತು. ಈಗ ಆಕೆಯ ಪಾಲಿಗೆ ಮಗಳು ಯಾವುದೋ ರಸ್ತೆಯ ಮೇಲಿದ್ದಾಳೆ. ಶಂಭುಲಿಂಗಪ್ಪನವರು ಆ ಜೀಪನ್ನು ಮತ್ತೆ ಮುಟ್ಟಿಲ್ಲ. ಅದು ಯಾಕೂಬಸಾಬರ ಶೆಡ್ಡಿನ ಹಿಂದೆ ನಿಂತಿದೆ, ಕನ್ನಡಿಗೆ ಅರಿವೆ ಕಟ್ಟಿಕೊಂಡು.

ನನಗೆ ದೆವ್ವದಲ್ಲಿ ನಂಬಿಕೆಯಿಲ್ಲ. ಕೊಟ್ಟ ಮಾತಿನಲ್ಲಿ ಇತ್ತು. ತಾವು ಹುಲಿಯ ಹೆಸರು ಹೇಳುತ್ತೀರಿ. ಹುಲಿ ಬಾಳಲಿ, ನಾವೇನು ಅದನ್ನು ತಿನ್ನುವವರಲ್ಲ. ನಾವು ಇದ್ದಾಗಲೂ ಅದು ಇತ್ತು, ಅದಕ್ಕೇ ತಾನೇ ತಾವು ಬಂದದ್ದು? ಮನುಷ್ಯರ ಕಾಲು ಬಿದ್ದರೆ ಕಾಡು ಕೆಡುತ್ತದೆ ಎನ್ನುತ್ತೀರಿ. ಹಾಗಾದರೆ ಆ ಮತ್ತಿಮರದ ಬುಡದಲ್ಲಿ ನಾನು ಜೀಪಿನೊಳಗಿಂದ ಕಂಡ ಮೂರು ಕರಿಹಿಡಿದ ಕಲ್ಲುಗಳು ಯಾವುವು? ಬೂದಿ ಯಾವುದು, ಒಡೆದ ಬಾಟಲಿ ಯಾವುದು? ತಮ್ಮ ಬಂಗಲೆಯ ಅತಿಥಿಗಳು ಅಲ್ಲಿ ಇಳಿಯುತ್ತಾರೆ, ಒಲೆ ಹೂಡುತ್ತಾರೆ ಎಂದು ಕಾವಲುಗಾರ ಬಾಯಿ ಬಿಟ್ಟು ಹೇಳಲಿಲ್ಲ; ತಲೆ ತಗ್ಗಿಸಿದ. ಅವರ ಕಾಲು ಯಾವ ಮರದಿಂದ ಮಾಡಿದ್ದು? ಮತ್ತು ಆ ಮೂರು ಕಲ್ಲುಗಳಲ್ಲಿ ಒಂದು, ನಾನು ಹೆಗಲ ಮೇಲೆ ಹೊತ್ತು ತಂದು ಕೂಸಿನ ತಲೆಯ ಕಡೆಗೆ ನೆಟ್ಟ ಕಲ್ಲೇ? ನನಗೆ ಗೊತ್ತಿಲ್ಲ. ಗೊತ್ತಾಗಬೇಕಿದ್ದರೆ ಇಳಿಯಬೇಕಿತ್ತು. ರೇವವ್ವನಿಗೆ ನಾನು ಇದನ್ನು ಹೇಳಿರಲಿಲ್ಲ. ಪತ್ರಿಕೆಯಲ್ಲಿ ಯಾರಾದರೂ ಓದಿ ಹೇಳುವ ಮುಂಚೆ ನಿನ್ನೆ ನಾನೇ ಹೇಳಿದೆ. ಆಕೆ ಅಳಲಿಲ್ಲ. "ಅದಕ್ಕ ಎದ್ದು ಓಡಿ ಬಂದಾಳ," ಎಂದಳು. "ಮಲಗಿದ ಕೂಸಿನ ತಲೀಮ್ಯಾಲೆ ಒಲಿ ಹೂಡಿದ್ರ ಯಾರ ಮಲಗ್ತಾರ?"

ಅಧಿಕಾರಿಗಳೇ, ನಮ್ಮ ಬೇಡಿಕೆ ಒಂದೇ. ಪಂಚಮಿಯ ಒಂದು ದಿನ ಕಾಲುದಾರಿಯ ತಂತಿ ತೆಗೆಯಿರಿ. ರೇವವ್ವ ಗುಡ್ಡದ ದಾರಿಯಲ್ಲಿ ಮಗಳ ಹೆಸರು ಕರೆಯುತ್ತ ಹೋಗಬೇಕು, ಆ ಮಣ್ಣಿನ ಹತ್ತಿರ ಕೂಡಬೇಕು, ಕಲ್ಲು ಇದ್ದರೆ ಮುಟ್ಟಬೇಕು, ಇಲ್ಲದಿದ್ದರೆ ಬೇರೆ ನೆಡಬೇಕು. ತಮ್ಮ ಕಾವಲುಗಾರರು ಜೊತೆಗೆ ಬರಲಿ. ಉಂಡಿ ಅವರಿಗೂ ಇದೆ. ತಂತಿ ತೆಗೆಯದಿದ್ದರೆ? ಈ ಸಲದ ಪ್ರವಾಸಕ್ಕೆ ಪೆಟ್ರೋಲು ಬೇಡ, ಸ್ಟೆಪ್ನಿ ಬೇಡ, ತಮ್ಮ ದ್ವಾರವೂ ಬೇಡ. ಬೀಡಿಕಟ್ಟಿನ ಕಾಗದದ ಮೇಲೆ ಹೊಸ ಗೆರೆ ಎಳೆದಾಗಿದೆ. ಅದು ಬೆರಳುದ್ದ ಕೂಡ ಇಲ್ಲ. ಹಿಡಿದು ಒಳಗೆ ಹಾಕುವುದಾದರೆ ಹಾಕಿ. ತಮ್ಮ ಜೀಪು ನಮಗೆ ಹೊಸದಲ್ಲ.

ಯಾರು ಯಾರು ಮುಂದೆ ನಡೆಯಬೇಕೆಂದು ಗೊತ್ತು ಮಾಡಲು ಸಭೆ ಸೇರುತ್ತೇವೆ. ತಾವು ಬಂದು ತಮ್ಮ ಉತ್ತರವನ್ನು ರೇವವ್ವನ ಮುಖ ನೋಡಿ ಹೇಳಬಹುದು. ಕೂಡಲು ಕಂಬಳಿ ಹಾಸುತ್ತೇವೆ. ತಂಬೂರ ಬಸವಣ್ಣನ ಗುಡಿಯ ಕಟ್ಟೆಯ ಮೇಲೆ, ಪಂಚಮಿಯ ಹಿಂದಿನ ಸೋಮವಾರ, ಬೆಳಿಗ್ಗೆ ಹತ್ತು ಗಂಟೆಗೆ.

ಇಂತಿ,
ತನ್ನೂರನ್ನು ಜೀಪಿನಲ್ಲಿ ಕೂತು ನೋಡಿಬಂದ ಪ್ರವಾಸಿ,
ಈರಬಸಪ್ಪ
ಸಾಕಿನ್ ಮತ್ತೀಕೊಪ್ಪ, ಅಂದರೆ ತಮ್ಮ ವೀಕ್ಷಣಾ ಸ್ಥಳ