ಕೈಸಾಳಿಗೆ, ಎಡಹಿಡಿಯ ರೀಲಿನ ಜೊತೆ

ಮೂಗಿ ಕೆರೆಯ ದಡದಿಂದ,
ನವೆಂಬರಿನ ಮೊದಲ ಮಂಗಳವಾರ

ಕೈಸಾ ಮರಿ,

ಡಬ್ಬಿ ಬಿಚ್ಚುವ ಮುಂಚೆ ಈ ಕಾಗದ ಓದು. ನಿನ್ನ ಬುದ್ಧಿ ನನಗೆ ಗೊತ್ತು, ಡಬ್ಬಿಯನ್ನೇ ಮೊದಲು ಹರಿದಿರುತ್ತೀಯ. ಹರಿದಿದ್ದರೆ ಒಳಗಿರುವುದನ್ನು ಮೇಜಿನ ಮೇಲಿಟ್ಟು ಕೂತುಕೊ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ ಅಂತ ನಿನ್ನಮ್ಮ ನಗುತ್ತಾಳೆ, ನಗಲಿ. ಆಲೂಗಡ್ಡೆ ಕೀಳುವ ಕೆಲಸ ಇಲ್ಲದ ತಿಂಗಳಲ್ಲಿ ಮಾತ್ರ ನಮ್ಮನ್ನು ಹಳ್ಳಿ ಶಾಲೆಗೆ ಕಳಿಸುತ್ತಿದ್ದರು. ಕಲಿತಷ್ಟು ಅಕ್ಷರ ಈ ಒಂದು ಕಾಗದಕ್ಕೆ ಸಾಕಾದರೆ ಸಾಕು.

ನೀನು ಫೋನಿನಲ್ಲಿ ಕೇಳಿದ್ದು ಸಣ್ಣ ಪ್ರಶ್ನೆ. "ಅಜ್ಜಿ, ಮಸ್ಕಿ ಮೀನಿಗೆ ಅಂತ ಗಾಳದ ಕೋಲಿಗೆ ದಾರ ಸುತ್ತೋ ಹೊಸ ರೀಲು ತಗೋಬೇಕು. ತಿರುಗಿಸೋ ಹಿಡಿ ಎಡಗಡೆ ಇರೋದು ತಗೊಳ್ಲಾ, ಬಲಗಡೆ ಇರೋದಾ? ತಾತನ ಜೊತೆ ಅಷ್ಟು ವರ್ಷ ಬಾಳಿದೀಯ, ನಿಂಗೊತ್ತಿರತ್ತೆ." ಬಾಳಿದ್ದು ಅವರ ಜೊತೆ, ಅವರ ರೀಲಿನ ಜೊತೆ ಅಲ್ಲ ಅಂತ ಗದರಿಸಿದೆ. ನೀನು ನಕ್ಕೆ. ಆಮೇಲೆ, ಮಾತಿಗೆ ಮಾತು ಅನ್ನುವ ಹಾಗೆ, ಇನ್ನೊಂದು ಹೇಳಿದೆ.

"ನಿಮ್ಮ ಕೆರೇಲೇ ಅಜ್ಜಿ, ಆ ಮುಳುಗಿದ ಮರದ ದಿಮ್ಮಿಗಳ ಹತ್ರ. ಒಂದು ದೊಡ್ಡದು ದೋಣಿ ತನಕ ಹಿಂದೇನೇ ಬಂತು. ಕಚ್ಚಲೂ ಇಲ್ಲ, ಹೋಗಲೂ ಇಲ್ಲ. ನಾನು ಕೋಲಿನ ತುದೀಲಿ ನೀರೊಳಗೆ ಎಂಟರ ಆಕಾರ ಸುತ್ತಾನೇ ಇದ್ದೆ. ಎಷ್ಟೊತ್ತಾಯ್ತು ಅಂತ ಗೊತ್ತೇ ಆಗ್ಲಿಲ್ಲ. ಏನೋ ಒಂಥರಾ ಹಿತವಾಗಿತ್ತು."

ಒಲೆಯ ಮೇಲೆ ಏನೋ ಉಕ್ಕುತ್ತಿದೆ ಅಂತ ಹೇಳಿ ಫೋನ್ ಇಟ್ಟೆ. ಒಲೆಯ ಮೇಲೆ ಏನೂ ಇರಲಿಲ್ಲ.

ಮಾರನೆಯ ದಿನ ನಿನ್ನಮ್ಮನಿಗೆ ನಾನೇ ಫೋನ್ ಮಾಡಿದೆ. ಕೆರೆಯ ತನಕ ಬಂದವಳು ಅಜ್ಜಿಯ ಮನೆಗೆ ಕಾಲಿಡದೆ ಹೋದಳಲ್ಲ ಅಂತ ಜಗಳ ಆಡುವ ನೆಪ. ಮಾರ್ಥಾ ತಾನಾಗಿಯೇ ಹೇಳಿದಳು: "ಅವಳಿಗೇನೋ ಹೊಸ ಚಾಳಿ ಅಮ್ಮ. ಕಾರ್ಖಾನೆಯಿಂದ ಬಂದು ಟಿವಿ ಮುಂದೆ ಕೂತ್ರೆ ಎಡಗೈ ಬೆರಳು ತೊಡೆ ಮೇಲೆ ಏನೋ ಬರೀತಾನೇ ಇರತ್ತೆ. ಕೇಳಿದ್ರೆ, ನಾನೆಲ್ಲಿ ಬರೆದೆ ಅಂತಾಳೆ. ಯಾವನೋ ಹುಡುಗನ ಹೆಸರಿರಬೇಕು."

ಹುಡುಗನ ಹೆಸರಾಗಿದ್ದರೆ ನಾನು ಈ ಮಂಡಿ ನೋವಿನಲ್ಲಿ ಪೇಟೆಗೆ ಹೊರಡುತ್ತಿರಲಿಲ್ಲ.

ಗಾಳದ ಅಂಗಡಿಯ ಎಲ್ರಾಯ್ ನನ್ನನ್ನು ನೋಡಿ ದಾರಿ ತಪ್ಪಿ ಬಂದಿದ್ದೇನೆ ಅಂದುಕೊಂಡ. "ಬೇಕರಿ ಪಕ್ಕದ್ದು, ಹಿಲ್ಯಾ ಅಮ್ಮ" ಅಂದ. ರೀಲು ಬೇಕು ಅಂದೆ. ಮೊಮ್ಮಗಳು ಎಡಗೈಯವಳಾ ಅಂತ ಕೇಳಿದ. ಬಲಗೈಯವಳೇ ಅಂದೆ.

"ಹಾಗಾದ್ರೆ ಬಲಗಡೆ ಹಿಡಿ ಇರೋದು ಕೊಡ್ತೀನಿ. ಈ ಕಡೆ ಎಲ್ರೂ ಅದನ್ನೇ ತಗೊಳ್ಳೋದು."

"ಎಲ್ರನ್ನೂ ನಾನು ಸಾಕಲಿಲ್ಲ ಎಲ್ರಾಯ್. ಇವಳೊಬ್ಬಳನ್ನ ಸಾಕಿದೀನಿ. ಎಡಗಡೇದು ತೆಗಿ."

ಪುಸಪುಸ ಅನ್ನುತ್ತ ಹಿಂದಿನ ಕೋಣೆಗೆ ಹೋಗಿ ತಂದ. ಮೊದಲು ಕೊಟ್ಟದ್ದು ಆಟಿಕೆ. ಹಿಡಿಯ ಗುಂಡಿ ನನ್ನ ಕೋಟಿನ ಗುಂಡಿಗಿಂತ ಸಣ್ಣದು, ಉಣ್ಣೆಯ ಕೈಗವಸು ಹಾಕಿಕೊಂಡರೆ ಸಿಗುವುದೇ ಇಲ್ಲ. ಎರಡನೆಯದರ ಹಿಡಿ ಸಿಕ್ಕಿತು, ಆದರೆ ಭಾರ ಬಿದ್ದರೆ ಒಳಗಿನ ಹಲ್ಲುಚಕ್ರ ಹಲ್ಲು ಕಡಿಯುತ್ತಿತ್ತು. ಅದು ಗೊತ್ತಾದದ್ದು ಹೇಗೆಂದರೆ, ದಾರದ ತುದಿಗೆ ಅವನ ಮರಿಮೀನಿನ ಬಕೆಟ್ಟನ್ನು ನೀರು ಸಮೇತ ಕಟ್ಟಿಸಿ ನೆಲದಿಂದ ಎತ್ತಿಸಿದೆ. ಅಂಗಡಿಗೆ ಬಂದಿದ್ದ ಗಂಡಸರೆಲ್ಲ ಸುತ್ತ ನಿಂತು ನೋಡಿದರು. ಒಬ್ಬ, "ಅಜ್ಜಿ ತಿಮಿಂಗಿಲ ಹಿಡಿಯೋಕೆ ಹೊರಟಿದೆ" ಅಂದ. "ಹಿಡಿದ್ರೆ ನಿನ್ನ ಹೆಂಡತಿಗೇ ಕಳಿಸ್ತೀನಿ, ನಿನ್ನಿಂದ ಅವಳಿಗೆ ಮೀನು ಸಿಕ್ಕಿದ್ದು ನಾನಂತೂ ಕಾಣೆ" ಅಂದೆ. ಮೂರನೆಯದು ಬಕೆಟ್ಟನ್ನು ಸದ್ದಿಲ್ಲದೆ ಎತ್ತಿತು. ತುಸು ತೂಕ ಜಾಸ್ತಿ, ತಿರುಗುವುದು ನಿಧಾನ, ಆದರೆ ಗಟ್ಟಿ. ಮಸ್ಕಿಯನ್ನು ಸೆಳೆಯಲು ದಾರಕ್ಕೆ ಕಟ್ಟುವ ದಪ್ಪ ಹುಸಿಮೀನನ್ನು ದಿನವಿಡೀ ಬೀಸಿ ಎಳೆದರೂ ನಿನ್ನ ಮಣಿಕಟ್ಟು ಹಿಡಿಯುವುದಿಲ್ಲ. ಅದೇ ಡಬ್ಬಿಯಲ್ಲಿರುವುದು.

ಇನ್ನು ಎಡಗಡೆ ಯಾಕೆ ಅನ್ನುವುದು. ನಿನಗೆ ಗೊತ್ತಿರುವುದನ್ನೂ ಸೇರಿಸಿ ಹೇಳುತ್ತೇನೆ, ಕೇಳಿಸಿಕೋ.

ಬಲಗೈಯವರು ಬಲಗೈಯಲ್ಲಿ ಕೋಲು ಬೀಸುತ್ತಾರೆ. ಹಿಡಿ ಬಲಗಡೆ ಇದ್ದರೆ, ಬೀಸಿದ ಮೇಲೆ ಕೋಲನ್ನು ಎಡಗೈಗೆ ಕೊಟ್ಟು ಬಲಗೈಯಲ್ಲಿ ದಾರ ಸುತ್ತಬೇಕು. ಪ್ರತಿ ಬೀಸಿಗೂ ಕೋಲು ಕೈ ಬದಲಿಸುತ್ತದೆ. ಹುಸಿಮೀನು ದೋಣಿಯ ಹತ್ತಿರ ಬಂದಾಗ ಕೋಲು ಇರುವುದು ಎಡಗೈಯಲ್ಲೇ. ಆಗ ಅದನ್ನು ನೀರಿನಿಂದ ಎತ್ತಬಾರದು, ಕೋಲಿನ ತುದಿಯನ್ನು ನೀರಿಗೆ ಇಳಿಸಿ ಎರಡು ಸೊನ್ನೆಗಳನ್ನು ಅಂಟಿಸಿದ ಹಾಗೆ ಎಂಟು ಸುತ್ತಬೇಕು, ಹಿಂದೆ ಬಂದ ಮಸ್ಕಿ ಆ ಸುತ್ತಿನಲ್ಲಿ ಕಚ್ಚುತ್ತದೆ ಅನ್ನುವುದು ಇಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಮೀನು ನೋಡುತ್ತಿರುವಾಗ ಎತ್ತಿದವನನ್ನು ಈ ಊರಿನಲ್ಲಿ ಸಾಯುವ ತನಕ ಆಡಿಕೊಳ್ಳುತ್ತಾರೆ.

ನಿನ್ನಜ್ಜ ಯಾವತ್ತೂ ಎತ್ತಿದವರಲ್ಲ.

ನೀನಿನ್ನೂ ಚಿಕ್ಕವಳಿದ್ದಾಗಿನ ಮಾತು. ಆವತ್ತು ಬೆಳಿಗ್ಗೆ ಕೆರೆಗೆ ಹೊರಡುವಾಗ, ಎರಡನೇ ಕಾಫಿ ಹೊತ್ತಿಗೆ ಬರುತ್ತೇನೆ ಅಂದಿದ್ದರು. ಏಲಕ್ಕಿ ಹಾಕಿ ಜಡೆಯ ಹಾಗೆ ಹೆಣೆದ ರೊಟ್ಟಿ ಸುಟ್ಟಿದ್ದೆ. ಅದು ಆರಿತು. ಕಾಫಿ ಎರಡು ಸಲ ಬಿಸಿ ಮಾಡಿದೆ. ದಡದ ಸೌನಾ ಹಬೆಮನೆಯ ಮೆಟ್ಟಿಲ ಮೇಲೆ ನಿಂತು ನೋಡಿದರೆ ದೋಣಿ ದಿಮ್ಮಿಗಳ ಹತ್ತಿರವೇ ಇದೆ. ಕೆರೆ ತವರದ ತಟ್ಟೆಯ ಹಾಗೆ ಮಲಗಿತ್ತು, ಒಂದು ಎಲೆಯೂ ಅಲುಗುತ್ತಿರಲಿಲ್ಲ. ಗಾಳಿ ಇಲ್ಲ, ಆದರೂ ದೋಣಿ ತನ್ನಷ್ಟಕ್ಕೆ ಮೆಲ್ಲಗೆ ತಿರುಗುತ್ತಿತ್ತು.

ಹಳೆಯ ಹುಟ್ಟುದೋಣಿ ಇಳಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಬೈಯುತ್ತಲೇ ಹೋದೆ. "ವಿಲ್ಹೊ, ಹೆಂಡತಿ ಸತ್ತಿದಾಳೆ ಅಂದ್ಕೊಂಡ್ಯಾ? ಬಾ ಮನೆಗೆ. ಕಾಫಿ ಕುದ್ದು ಕುದ್ದು ಕಷಾಯ ಆಗಿದೆ." ನಮ್ಮ ಕೆರೆಯಲ್ಲಿ ಎಷ್ಟು ಕೂಗಿದರೂ ಮಾರ್ದನಿ ಬರುವುದಿಲ್ಲ, ಅದಕ್ಕೇ ಮೂಗಿ ಅನ್ನುವುದು. ಆವತ್ತು ನನ್ನ ಮಾತು ನನ್ನ ಬಾಯಿಯಿಂದ ಹೊರಟು ದೋಣಿಯ ಅಂಚಿನಲ್ಲೇ ಬಿದ್ದುಹೋಗುತ್ತಿತ್ತು.

ಅವರು ತಿರುಗಿ ನೋಡಲಿಲ್ಲ. ಬೆನ್ನು ಬಗ್ಗಿಸಿ ನಿಂತಿದ್ದರು. ಎಡಗೈಯ ತೋಳು ಮೊಣಕೈ ತನಕ ನೀರಿನೊಳಗೆ. ಕೋಲು ಪೂರ್ತಿ ಮುಳುಗಿತ್ತು, ನೀರಿನೊಳಗೇ ಸುತ್ತುತ್ತಿತ್ತು. ಒಂದು ಸೊನ್ನೆ, ಆಮೇಲೆ ಇನ್ನೊಂದು ಸೊನ್ನೆ. ನಾನು ದೋಣಿಗೆ ದೋಣಿ ತಾಗಿಸಿದೆ. ಮೊದಲು ಕಂಡದ್ದು ಅವರ ಹುಸಿಮೀನು. ಅದು ದೋಣಿಯ ತಳದಲ್ಲಿ ಅವರ ಬೂಟಿನ ಪಕ್ಕ ಬಿದ್ದಿತ್ತು, ಒಣಗಿ. ಯಾವಾಗಲೋ ಕಳಚಿಕೊಂಡಿತ್ತು. ಬರೀ ದಾರ, ಬರೀ ಕೋಲು. ನೀರಿನಲ್ಲಿ ಮೀನು ಹಿಂಬಾಲಿಸಬೇಕಾದದ್ದು ಏನೂ ಇರಲಿಲ್ಲ.

ಆಮೇಲೆ ಮೀನು ಕಂಡಿತು. ಅವರ ಕಾಲಿನಷ್ಟು ಉದ್ದ, ಬೆನ್ನಿನ ಮೇಲೆ ಪಾಚಿಯ ಬಣ್ಣ. ಅದು ಕೋಲಿನ ಹಿಂದೆ ಇರಲಿಲ್ಲ ಕೈಸಾ. ಮುಂದೆ ಇತ್ತು. ಮೀನು ಎಂಟು ಸುತ್ತುತ್ತಿತ್ತು, ಕೋಲು ಅದರ ಬಾಲದ ಹಿಂದೆ ಹೋಗುತ್ತಿತ್ತು. ಒಂದೊಂದು ಸುತ್ತಿಗೂ ಅದು ಕೂದಲೆಳೆಯಷ್ಟು ಕೆಳಗಿಳಿಯುತ್ತಿತ್ತು, ಅವರ ತೋಳೂ ಅಷ್ಟೇ ಇಳಿಯುತ್ತಿತ್ತು.

ಅವರ ಬಲಗೈ ದೋಣಿಯ ಅಂಚನ್ನು ಹಿಡಿದುಕೊಂಡು ಬೆಳ್ಳಗಾಗಿತ್ತು, ಉಗುರುಗಳಲ್ಲಿ ರಕ್ತ ಇರಲಿಲ್ಲ. ಆ ಕೈ ನನಗೆ ಗೊತ್ತಿದ್ದ ಕೈ, ನನ್ನ ಗಂಡನ ಕೈ. ಅದು ಹಿಂದಕ್ಕೆ ಎಳೆಯುತ್ತಿತ್ತು. ಎಡಗೈ ಯಾರದ್ದೋ.

ನಾನು ಕೋಲನ್ನು ಕಿತ್ತುಕೊಂಡು ದೂರಕ್ಕೆ ಎಸೆದೆ. ರೀಲಿನ ಭಾರಕ್ಕೆ ನೆಟ್ಟಗೆ ಮುಳುಗಬೇಕಾದದ್ದು, ಸುತ್ತುತ್ತ ಸುತ್ತುತ್ತ ಸಾವಕಾಶವಾಗಿ ಹೋಯಿತು. ಮೀನು ಬೆದರಲಿಲ್ಲ. ನಿಂತು ನನ್ನನ್ನು ನೋಡಿತು. ಆಮೇಲೆ ತಿರುಗದೆ, ಬಾಲ ಆಡಿಸದೆ, ಇದ್ದ ಹಾಗೆಯೇ ಕೆಳಕ್ಕೆ ಇಳಿದು ಮಾಯವಾಯಿತು. ನಿನ್ನಜ್ಜ ಆಗ ಕೂತರು. ನಾನು ಬಂದದ್ದು ಕಂಡು ಮುಖ ಸಿಂಡರಿಸಿಕೊಂಡು, ಆಟದಿಂದ ಎಬ್ಬಿಸಿದ ಮಗುವಿನ ಹಾಗೆ ಅಂದರು: "ಇನ್ನೊಂದು ಸುತ್ತು ಬಾಕಿ ಇತ್ತು, ಹಿಲ್ಯಾ."

ಆಮೇಲೆ ಅವರು ಕೆರೆಗೆ ಇಳಿಯಲಿಲ್ಲ, ನಾನು ಬಿಡಲಿಲ್ಲ. ಬಿಡದಿದ್ದರೆ ಸಾಕು ಅಂದುಕೊಂಡೆ. ಆದರೆ ಆ ಕೈ ಮನೆಯೊಳಗೇ ಸುತ್ತತೊಡಗಿತು. ಊಟದ ಮೇಜಿನ ಮೇಲೆ, ಕುರ್ಚಿಯ ತೋಳಿನ ಮೇಲೆ, ಕಿಟಕಿಯ ಮಂಜಿನ ಮೇಲೆ. ಬಲಗೈಯಲ್ಲಿ ಚಮಚ ಹಿಡಿದು ಸಾರು ಕುಡಿಯುತ್ತಿದ್ದರೆ ಎಡಗೈ ಬಟ್ಟಲಿನ ಪಕ್ಕ ತನ್ನ ಕೆಲಸ ಮಾಡುತ್ತಿತ್ತು. ಹೇಳಿದರೆ, ಎಲ್ಲಿ ಅಂತ ಕೇಳುತ್ತಿದ್ದರು. ಡಾಕ್ಟರು ನರದ ತೊಂದರೆ ಅಂದ. ಪಾದ್ರಿ ಬಂದು ಆ ಕೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡು ಪ್ರಾರ್ಥನೆ ಮಾಡಿದ. ಹೊರಡುವಾಗ ಕೋಟಿನ ಜೇಬಿನಲ್ಲಿಟ್ಟ ಎಡಗೈಯನ್ನು ಹೊರಗೆ ತೆಗೆಯಲೇ ಇಲ್ಲ, ಗುಂಡಿಯನ್ನೂ ಒಂದೇ ಕೈಯಲ್ಲಿ ಹಾಕಿಕೊಂಡ. ಮತ್ತೆ ನಮ್ಮ ಮನೆಗೆ ಬರಲಿಲ್ಲ.

ಈಗ ಹೇಳುವುದು ನಿನಗೆ ಹಿಡಿಸುವುದಿಲ್ಲ. ತಾತ ಅಂದರೆ ನಿನಗೆ ನೆನಪಿರುವುದು ಒಂದೇ, ಬೆನ್ನು ಸವರಿ ಮಲಗಿಸುತ್ತಿದ್ದದ್ದು. "ಎಷ್ಟು ಮೆತ್ತಗೆ ಸವರ್ತಿದ್ರು ಅಜ್ಜಿ, ಈಗ್ಲೂ ನಿದ್ದೆ ಬರದಿದ್ರೆ ಅದನ್ನೇ ನೆನೆಸ್ಕೋತೀನಿ" ಅಂತ ಎಷ್ಟೋ ಸಲ ಹೇಳಿದ್ದೀಯ. ಆ ನೆನಪನ್ನು ನಿನ್ನಿಂದ ಕಿತ್ತುಕೊಳ್ಳಬಾರದು ಅಂತ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ನಾನು ಬಾಯಿ ಮುಚ್ಚಿಕೊಂಡಿದ್ದೆ ಅಂದರೆ ಅದು ಎಷ್ಟು ದೊಡ್ಡ ವಿಷಯ ಅಂತ ನೀನೇ ಲೆಕ್ಕ ಹಾಕು. ಅವರು ನಿನ್ನನ್ನು ಬಲಗೈಯಲ್ಲಿ ಎದೆಗೆ ಒತ್ತಿಕೊಂಡಿದ್ದರು ಮಗಳೇ. ಪ್ರೀತಿ ಇದ್ದದ್ದು ಆ ಕೈಯಲ್ಲಿ. ಬೆನ್ನ ಮೇಲೆ ಓಡಾಡುತ್ತಿದ್ದದ್ದು ಎಡಗೈ. ಅದು ಸವರುತ್ತಿರಲಿಲ್ಲ, ಸುತ್ತುತ್ತಿತ್ತು. ಕಂಡ ದಿನವೇ ನಿನ್ನನ್ನು ಎತ್ತಿಕೊಂಡು ಹೊರಗೆ ಬಂದೆ. ನೀನು ಅತ್ತೆ, ಅವರೂ ಅತ್ತರು.

ಅವರು ಹೋದದ್ದು ಹಗಲು ಹೊತ್ತಿನಲ್ಲಿ, ಕಿಟಕಿಯ ತುಂಬ ಬಿಸಿಲಿತ್ತು. ಉಸಿರು ನಿಂತಿತು, ನಾನು ಕಣ್ಣು ಮುಚ್ಚಿಸಿದೆ. ಆಗಲೂ ಎಡಗೈ ನಿಂತಿರಲಿಲ್ಲ. ಹೊದಿಕೆಯ ಮೇಲೆ ಒಂದು ಸುತ್ತು ಪೂರ್ತಿ ಹಾಕಿತು, ಅವಸರ ಇಲ್ಲದೆ, ಎಲ್ಲೂ ಮೂಲೆ ಮುರಿಯದೆ. ಆಮೇಲೆ ನಿಂತಿತು. ಬಾಕಿ ಇದ್ದ ಸುತ್ತು ಅದೇ ಇರಬೇಕು, ಇನ್ನು ಮುಗಿಯಿತು ಅಂದುಕೊಂಡು ಆ ಕೈಯ ಮೇಲೆ ನನ್ನ ಕೈ ಇಟ್ಟೆ. ತಣ್ಣಗಿತ್ತು, ಅಷ್ಟೇ. ಇಷ್ಟು ವರ್ಷ ಕೆರೆ ಸುಮ್ಮನಿತ್ತು. ಈಗ ನೀನು ನಿನ್ನ ಹಳೆಯ ಬಲಹಿಡಿಯ ರೀಲು ಹಿಡಿದು, ಕೋಲನ್ನು ಎಡಗೈಗೆ ಕೊಟ್ಟು, ಅದೇ ದಿಮ್ಮಿಗಳ ಹತ್ತಿರ ಹೋಗಿ ನಿಂತೆ.

ಹೋಗಬೇಡ ಅಂತ ಬರೆಯಲು ಕೂತವಳು ನಾನು. ಬರೆಯಲಾರೆ. ನಿನ್ನಜ್ಜನನ್ನು ನೀರಿನಿಂದ ದೂರ ಇಟ್ಟು ಏನಾಯಿತು ಅಂತ ನೋಡಿದ್ದೇನೆ. ಇಷ್ಟು ವರ್ಷ ಯೋಚನೆ ಮಾಡಿ ಒಂದು ವಿಷಯ ತಿಳಿದುಕೊಂಡಿದ್ದೇನೆ. ಆವತ್ತು ಕೋಲನ್ನು ಎತ್ತಿದ್ದು ನಾನು, ಅವರಲ್ಲ. ಅವರು ಎತ್ತಲೇ ಇಲ್ಲ. ಅದಕ್ಕೇ ಅವರ ಕೈ ಇನ್ನೂ ಅಲ್ಲೇ ಇತ್ತು. ಅದನ್ನು ನಿಲ್ಲಿಸಬೇಕಾದವರು ಬೇರೆ ಯಾರೂ ಅಲ್ಲ, ಕೈ ಯಾರದೋ ಅವರೇ.

ಆದ್ದರಿಂದ ಈ ರೀಲು. ಹಿಡಿ ಎಡಗಡೆ ಇದ್ದರೆ ಎಡಗೈಗೆ ಕೆಲಸ ಒಂದೇ, ದಾರ ಸುತ್ತುವುದು. ಕೋಲಿನ ಕೆಲಸ ನಿನ್ನ ಬಲಗೈಯಲ್ಲೇ ಹುಟ್ಟಿ ಬಲಗೈಯಲ್ಲೇ ಮುಗಿಯಬೇಕು, ಆ ಕೈ ಇನ್ನೂ ನಿನ್ನದೇ. ಮೊದಮೊದಲು ಎಡವಟ್ಟಾಗಿ ತೋರುತ್ತದೆ, ಮನೆಯ ಹಿಂದೆ ಹುಲ್ಲಿನ ಮೇಲೆ ಬೀಸಿ ಅಭ್ಯಾಸ ಮಾಡು. ಹಳೆಯ ರೀಲನ್ನು ಯಾರಿಗೂ ಕೊಡಬೇಡ, ಮಾರಬೇಡ, ನನಗೆ ತಂದುಕೊಡು.

ಶನಿವಾರ ಬೆಳಕು ಹರಿದ ಮೇಲೆ ಬಾ. ಮೊದಲು ನನ್ನ ಮನೆಗೆ. ಕೆರೆ ಹೆಪ್ಪುಗಟ್ಟುವ ಮುಂಚೆ ಇದು ಮುಗಿಯಬೇಕು, ಇಲ್ಲದಿದ್ದರೆ ಚಳಿಗಾಲವಿಡೀ ನೀನು ಆ ಕೈಯ ಜೊತೆ ಮನೆಯಲ್ಲಿ ಕೂತಿರುತ್ತೀಯ. ದೋಣಿಯ ಹಿಂದಿನ ಹಲಗೆಯ ಮೇಲೆ ನಾನು ಕೂರುತ್ತೇನೆ. ಬೈಯುತ್ತೇನೆ, ಆದರೆ ಕೋಲನ್ನು ಮುಟ್ಟುವುದಿಲ್ಲ. ನೀನು ಅಂಚಿಗೆ ಬಗ್ಗಿದರೂ ಮುಟ್ಟುವುದಿಲ್ಲ, ನಿನ್ನ ಸೊಂಟ ಹಿಡಿದುಕೊಂಡಿರುತ್ತೇನೆ ಅಷ್ಟೇ. ಅದು ಬರುತ್ತದೆ. ದೋಣಿಯ ಪಕ್ಕ ಬಂದು ನಿಲ್ಲುತ್ತದೆ, ನಿನ್ನನ್ನು ನೋಡುತ್ತದೆ. ಮೊದಲ ಸೊನ್ನೆ ಸುತ್ತು. ಎರಡನೆಯದರ ಅರ್ಧಕ್ಕೆ ಬಂದಾಗ ನಿನಗೆ ಆ ಹಿತ ಅನ್ನಿಸುತ್ತದೆಯಲ್ಲ, ಅದೇ ಗಳಿಗೆಯಲ್ಲಿ, ಮೀನು ನೋಡುತ್ತಿರುವ ಹಾಗೆಯೇ, ಊರೆಲ್ಲ ಮಾಡಬಾರದು ಅನ್ನುವ ಕೆಲಸ ಮಾಡು. ಎತ್ತಿಬಿಡು. ಅರ್ಧ ಎಂಟು ನೀರಿನಲ್ಲೇ ಉಳಿಯಲಿ. ಆಡಿಕೊಳ್ಳುವವರು ಆಡಿಕೊಳ್ಳಲಿ, ಅವರಿಗೆ ಉತ್ತರ ಕೊಡಲು ನಾನಿದ್ದೇನೆ.

ನಿನ್ನ ಎರಡು ಕೈಯೂ ನಿನ್ನ ಮಾತನ್ನೇ ಕೇಳುತ್ತಾ ನೂರು ವರ್ಷ ಬಾಳು.

ಶನಿವಾರ ಕಾಫಿ ಇಟ್ಟುಕೊಂಡು ಕಾಯುವ,
ನಿನ್ನ ಅಜ್ಜಿ
ಹಿಲ್ಯಾ